ಕುಂದಾನಿಗೊಂದು ಪತ್ರ (ಹಂದಿಗಳ ಲೆಕ್ಕ ಇನ್ನೂ ಬಾಕಿ)

ಲೇ ಕುಂದಾ,

ನೀನು ಕಳಿಸಿದ ರೀಲ್ ನೋಡಿದೆ. ಪಾಸ್ಟರ್ ಕೋಟು ಬಿಚ್ಚಿ ಬೀಸುತ್ತಾರೆ, ಒಂದಿಡೀ ಸಾಲು ಜನ ಹಿಂದಕ್ಕೆ ಬೀಳುತ್ತಾರೆ, ಕೀಬೋರ್ಡಿನವನು ಮಾತ್ರ ಬೀಳದೆ ನುಡಿಸುತ್ತಲೇ ಇರುತ್ತಾನೆ. ಕೆಳಗೆ ನೀನು 'ನಿಮ್ಮವರು' ಅಂತ ಬರೆದು ಮೂರು ನಗುವ ಮುಖ ಹಾಕಿದ್ದೆ. ನಾನು ಉತ್ತರ ಕೊಡಲಿಲ್ಲ. ನಾಲ್ಕು ದಿನ ಬಿಟ್ಟು 'ಏನಲೇ, ದೆವ್ವ ಬಡೀತೇನು?' ಅಂತ ಇನ್ನೊಂದು ಮೆಸೇಜ್. ಇಲ್ಲ, ಬಡಿದಿಲ್ಲ. ಬೇರೆ ಏನೋ ಆಗಿದೆ. ಎಲ್ಲರ ಮುಂದೆ ಯಾಕೆ ಬರೆಯುತ್ತಿದ್ದೀಯ ಅಂತ ಕೇಳಬೇಡ. ವಾಟ್ಸಾಪ್‌ಗೆ ಹಾಕಿದರೆ ನೀನು ನಾಲ್ಕು ಸಾಲು ಓದಿ ಹೆಬ್ಬೆರಳು ತೋರಿಸಿ ಮಲಗುತ್ತೀಯ. ಇಲ್ಲಿ ಹಾಕಿದರೆ ನಿನ್ನ ಹೆಂಡತಿ, ನಮ್ಮ ವೈನಿನೂ ಓದುತ್ತಾರೆ, ಬೆಳಿಗ್ಗೆ ಚಹಾ ಕೊಡುವಾಗ ನಿನ್ನನ್ನು ಹಿಡಿದು ಕೇಳುತ್ತಾರೆ.

ಉಳಿದವರಿಗೆ ಸ್ವಲ್ಪ ಪರಿಚಯ. ಇವನು ಬೆಳಗಾವಿ ಕ್ಯಾಂಪಿನ ಕ್ಯಾಥೊಲಿಕ್. ನಾನು ಗುಳೇದಗುಡ್ಡದ ಸಿಎಸ್‌ಐ, ಅಂದರೆ ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಸಭೆಯ ಮನೆಯವನು, ನಡುವೆ ಐದಾರು ವರ್ಷ ಪೆಂತೆಕೋಸ್ತ್, ಪವಿತ್ರಾತ್ಮ ಇಳಿದು ಬರುತ್ತೆ ಅಂತ ಕೂಗಿ ಪ್ರಾರ್ಥಿಸುವ ಪಂಗಡ. ಬಾಗಲಕೋಟೆ ನವನಗರದ ಒಂದೇ ರೂಮಿನಲ್ಲಿ ನಾಲ್ಕು ವರ್ಷ ಕಳೆದಿದ್ದೇವೆ. ಕುಕ್ಕರಿನ ವಿಷಯ ಇಲ್ಲಿ ಬೇಡ.

ನೆನಪಿದೆಯಾ, ಕರೆಂಟ್ ಹೋದಾಗಲೆಲ್ಲ ನಮ್ಮದು ಒಂದೇ ಜಗಳ. ದೆವ್ವ ಇದೆಯಾ ಅಂತ ಅಲ್ಲ, ಅದರಲ್ಲಿ ಇಬ್ಬರಿಗೂ ಅನುಮಾನ ಇರಲಿಲ್ಲ, ಅದಕ್ಕೇ ರಾತ್ರಿ ಹೊರಗೆ ಹೋಗಬೇಕಾದರೆ ಇಬ್ಬರೂ ಜೊತೆಗೇ ಹೋಗುತ್ತಿದ್ದೆವು. ಅದನ್ನು ಓಡಿಸುವ ಅಧಿಕಾರ ಯಾರಿಗೆ ಅನ್ನುವುದೇ ಜಗಳ. ನಮ್ಮಲ್ಲಿ ಕಂಡಕಂಡವರು ಕೈ ಹಾಕುವ ಹಾಗಿಲ್ಲ ಅಂತ ನೀನು ಶುರು ಮಾಡುತ್ತಿದ್ದೆ. ಬಿಷಪ್ಪರೇ ಒಬ್ಬ ಪಾದ್ರಿಗೆ ಅನುಮತಿ ಕೊಡಬೇಕು, 1983ರ ಸಭಾ ಕಾನೂನಿನ 1172ನೇ ಕಲಮು ಹಾಗೆ ಹೇಳುತ್ತದೆ, ಮೊದಲು ಇದು ಕಾಯಿಲೆ ಅಲ್ಲ ಅಂತ ಖಾತ್ರಿ ಆಗಬೇಕು, ಕಾಯಿಲೆ ಆದರೆ ಅದು ಡಾಕ್ಟರ ಕೆಲಸ. ವಿಧಿಯ ಪುಸ್ತಕ 1614ರದ್ದು, 1999ರಲ್ಲಿ ತಿದ್ದಿದ್ದು. ಇಷ್ಟೆಲ್ಲ ಬಾಯಿಪಾಠ ಇದ್ದವನು ಥರ್ಮೋಡೈನಮಿಕ್ಸ್‌ನಲ್ಲಿ ಯಾಕೆ ಫೇಲಾಗಿ ಕುಳಿತೆ ಅನ್ನುವುದು ಮಾತ್ರ ನನಗೆ ಇವತ್ತಿಗೂ ಗೊತ್ತಾಗಿಲ್ಲ. ನಾನು ನಗುತ್ತಿದ್ದೆ. 'ದೆವ್ವ ಬಿಡಿಸಾಕೂ ತಹಶೀಲ್ದಾರರ ಸಹಿ ಬೇಕೇನಲೇ?'

ನಮ್ಮ ಪೆಂತೆಕೋಸ್ತ್ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಅರ್ಜಿ, ಸಹಿ ಏನೂ ಇರಲಿಲ್ಲ. ನಂಬುವವರು ಯೇಸುವಿನ ಹೆಸರಲ್ಲಿ ದೆವ್ವ ಬಿಡಿಸುತ್ತಾರೆ ಅಂತ ಬೈಬಲಿನ ಮಾರ್ಕನ ಸುವಾರ್ತೆಯ ಕೊನೇ ಅಧ್ಯಾಯದಲ್ಲಿ ಇದೆ. ನಂಬುವವರು ಅಂದರೆ ನಂಬುವವರೆಲ್ಲ. ಮುಗೀತು. ಅದರ ಮೇಲೂ ನೀನು ಜಾಸ್ತಿ ಹಾರಾಡಿದರೆ ನಾನು ಜರ್ಮನಿಯ ಆನೆಲೀಸೆ ಮಿಖೆಲ್ ಕಥೆ ತೆಗೆಯುತ್ತಿದ್ದೆ. ಫಿಟ್ಸ್ ಅಂತ ಡಾಕ್ಟರು ಹೇಳಿದ್ದ ಹುಡುಗಿ. ಬಿಷಪ್ಪರ ಅನುಮತಿ ಇತ್ತು, ಪುಸ್ತಕ ಇತ್ತು, 67 ಸಲ ವಿಧಿ ನಡೆಯಿತು. 1976ರ ಜುಲೈನಲ್ಲಿ ಊಟ ಇಲ್ಲದೆ ಸತ್ತಾಗ ಅವಳಿಗೆ 23 ವರ್ಷ, ತೂಕ ಮೂವತ್ತು ಕೆಜಿ ಆಸುಪಾಸು. ಎರಡು ವರ್ಷದ ಮೇಲೆ ಕೋರ್ಟು ತಂದೆತಾಯಿಯನ್ನೂ ಇಬ್ಬರು ಪಾದ್ರಿಗಳನ್ನೂ ತಪ್ಪಿತಸ್ಥರು ಅಂದಿತು. 'ಸಹಿ ಏನ್ ಕಡಿದು ಕಟ್ಟಿ ಹಾಕಿತಪಾ?' ಅಂತ ಕೇಳಿದರೆ ನೀನು ಮುಖದ ಮೇಲೆ ಚಾದರ ಎಳೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ಎದ್ದು ಸೇಡಿಗೆ, ಯೇಸು ದೆವ್ವಗಳನ್ನು ಹಂದಿಗಳ ಹಿಂಡಿಗೆ ಕಳಿಸಿದ ಬೈಬಲ್ ಕಥೆ ಹಿಡಿದು, ಆ ಹಂದಿಗಳ ಲೆಕ್ಕ ತೆಗೆಯುತ್ತಿದ್ದೆ.

ಈ ಜಗಳದಲ್ಲಿ ನಮ್ಮ ಅಜ್ಜನನ್ನು ಇಬ್ಬರೂ ಸೇರಿಸಿಕೊಳ್ಳುತ್ತಿರಲಿಲ್ಲ. ಗುಳೇದಗುಡ್ಡಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಧರ್ಮಪ್ರಚಾರಕರು ಬಂದದ್ದು 1851ರಲ್ಲಿ. ಅಜ್ಜ ಆ ಸಭೆಯವನು, ಖಣ ನೇಯುತ್ತಿದ್ದ. ಓಣಿಯಲ್ಲಿ ಯಾರಿಗೋ ಗಾಳಿ ಹಿಡಿದಿದೆ ಅಂತ ಸುದ್ದಿ ಬಂದರೆ ಮಗ್ಗ ನಿಲ್ಲಿಸದೆ 'ಮೊದಲ ಗುಳಿಗಿ ನುಂಗಸ್ರಿ, ಆಮ್ಯಾಲ ಮೊಣಕಾಲೂರೂಣು' ಅನ್ನುತ್ತಿದ್ದ. ದೆವ್ವ ಇಲ್ಲ ಅಂತ ಯಾವತ್ತೂ ಅನ್ನಲಿಲ್ಲ. ಅದಕ್ಕೆ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸುವಷ್ಟು ಮರ್ಯಾದೆನೂ ಕೊಡಲಿಲ್ಲ. ಇಪ್ಪತ್ತು ವರ್ಷದ ನನಗೆ ಇದು ಒಣ ಭಕ್ತಿ ಅನಿಸಿತ್ತು. ಕೀಬೋರ್ಡ್ ಇಲ್ಲ, ಕಣ್ಣೀರಿಲ್ಲ, ಆವೇಶದಲ್ಲಿ ಬಾಯಿಗೆ ಬರುವ ಅನ್ಯಭಾಷೆ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಊರಿಗೆ ಹೋಗಿದ್ದೆ. ತಂಗಿ ಮಕ್ಕಳ ಜೊತೆ ಬಂದಿದ್ದಳು. ಅವಳ ಸಣ್ಣ ಮಗಳು ಜಡೆ ಹಾಕಿಸಿಕೊಳ್ಳಲು ಒಲ್ಲೆ ಅಂತ ಕೈಕಾಲು ಬಡಿಯುತ್ತಿತ್ತು, ನಾನು ಸಹಾಯ ಮಾಡುವ ಭರದಲ್ಲಿ ಮುಂದೆ ಕೂತು ಆ ಮಗುವಿನ ಎರಡೂ ಮಣಿಕಟ್ಟು ಹಿಡಿದೆ. ತಂಗಿ ತಲೆ ಎತ್ತಲಿಲ್ಲ, ದನಿನೂ ಏರಿಸಲಿಲ್ಲ. 'ಅಣ್ಣಾ, ಕೈ ಬಿಡು' ಅಂದಳು. ಬಿಟ್ಟೆ. ಅವಳು ಜಡೆ ಮುಗಿಸಿ ರಿಬ್ಬನ್ ಕಟ್ಟಿದಳು. ಅವ್ವ ಒಳಗಿಂದ ಜೋಳದ ರೊಟ್ಟಿ ತಂದಿಟ್ಟಳು. ನನಗೆ ಇಳಿಯಲಿಲ್ಲ.

ಕುಂದಾ, 2009ರಲ್ಲಿ ತಂಗಿಗೆ ಕಾಮಣಿ (ಕಾಮಾಲೆ) ಆಗಿದೆ ಅಂತ ನಿನಗೆ ಹೇಳಿದ್ದೆನಲ್ಲ, ನೀನು ಪ್ರತಿ ವಾರ ಕಬ್ಬಿನ ಹಾಲು ಕುಡಿಸಿದೆಯಾ ಅಂತ ಕೇಳುತ್ತಿದ್ದೆ. ಕಾಮಣಿ ಆಗಿರಲಿಲ್ಲ. ಅವಳಿಗೆ ನಿದ್ದೆ ಹೋಗಿತ್ತು. ಮಗ್ಗದ ಸದ್ದಿನಲ್ಲಿ ಯಾರೋ ಹೆಸರು ಹಿಡಿದು ಕರೆಯುತ್ತಾರೆ ಅನ್ನುತ್ತಿದ್ದಳು. ಕಾಯಿಲೆಯ ಹೆಸರು ಅವಳದ್ದು, ನಾನು ಬರೆಯಲ್ಲ. ಓಣಿಯವರು ಗಾಳಿ ಅಂದರು. ನಾನು ಓದಿದವನು ನೋಡು, ಗಾಳಿ ಅನ್ನಲಿಲ್ಲ, ಅಶುದ್ಧಾತ್ಮ ಅಂದೆ. ಬಸ್ಸಿಗೆ ಹತ್ತಿಸಿ ನಮ್ಮ ಸಭೆಗೆ ಕರೆದುಕೊಂಡು ಬಂದೆ. ಯಾವ ಸಭೆ ಅಂತ ಹೆಸರು ಬೇಡ. ಒಂದು ಅಂಗಡಿಯ ಮೇಲಿನ ಹಾಲ್, ತಗಡಿನ ಮಾಡು, ಶುಕ್ರವಾರ ಉಪವಾಸ ಪ್ರಾರ್ಥನೆ. ನೀನು ಶುಕ್ರವಾರವೇ ಬೆಳಗಾವಿ ಬಸ್ ಹಿಡಿಯುತ್ತಿದ್ದೆ, ಹಾಗಾಗಿ ನಿನ್ನಿಂದ ಮುಚ್ಚಿಡುವುದು ಕಷ್ಟ ಆಗಲಿಲ್ಲ.

ಅಲ್ಲಿ ಒಂದು ತೊಡಕು ಬಂತು. ಅವಳಿಗೆ ಆಗಲೇ ಹಿನ್ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಆಗಿತ್ತು, ಪವಿತ್ರಾತ್ಮ ಇರುವವಳ ಒಳಗೆ ದೆವ್ವ ಹೇಗೆ ಇರುತ್ತೆ? ಇದು ನಮ್ಮ ಹಾಲಿನ ಪ್ರಶ್ನೆ ಮಾತ್ರ ಅಲ್ಲ. ಪೆಂತೆಕೋಸ್ತ್ ಗುಂಪುಗಳಲ್ಲೇ ದೊಡ್ಡದಾದ ಅಸೆಂಬ್ಲೀಸ್ ಆಫ್ ಗಾಡ್ 1972ರಲ್ಲೇ, ಮರುಹುಟ್ಟು ಪಡೆದವರಿಗೆ, ಅಂದರೆ ಯೇಸುವನ್ನು ನಂಬಿ ಹೊಸ ಬದುಕು ಪಡೆದವರಿಗೆ, ದೆವ್ವ ಹಿಡಿಯಲು ಸಾಧ್ಯವೇ ಇಲ್ಲ ಅಂತ ಬರೆದು ಹೇಳಿತ್ತು. ಇನ್ನೊಂದು ಕಡೆ ಡೆರೆಕ್ ಪ್ರಿನ್ಸ್. ಜಗತ್ತಿನಾದ್ಯಂತ 'ಬಿಡುಗಡೆಯ ಸೇವೆ'ಗೆ, ಅಂದರೆ ದೆವ್ವ ಬಿಡಿಸುವುದಕ್ಕೆ ಹೆಸರಾದ ಮನುಷ್ಯ ಹುಟ್ಟಿದ್ದು ಎಲ್ಲಿ ಗೊತ್ತಾ, ನಮ್ಮ ಬೆಂಗಳೂರಲ್ಲಿ, 1915ರಲ್ಲಿ. ವಿಶ್ವಾಸಿಗಳಿಗೂ ಬಿಡುಗಡೆ ಬೇಕಾಗುತ್ತೆ, 'ಹಿಡಿಯುವುದು' ಬೇರೆ, 'ಕಾಡುವುದು' ಬೇರೆ ಅನ್ನುವುದು ಅವರ ವಾದ. ನಮ್ಮ ಪಾಸ್ಟರ್ ಈ ಕಡೆಯವರು. ಆತ್ಮದಲ್ಲಿ ದೇವರು ಇದ್ದಾನೆ, ಪ್ರಾಣದಲ್ಲಿ ಇದು ಕೂತಿದೆ ಅಂತ ಹಲಗೆಯ ಮೇಲೆ ಮೂರು ವೃತ್ತ ಬರೆದು ತೋರಿಸಿದರು. ನಾನು ನೋಟ್ಸ್ ಬರೆದುಕೊಂಡೆ. ತಂಗಿ ಪಕ್ಕದಲ್ಲೇ ಕೂತಿದ್ದಳು, ಯಾರೂ ಅವಳನ್ನು ಏನೂ ಕೇಳಲಿಲ್ಲ.

ಮೂರು ದಿನ ಉಪವಾಸ ಮಾಡಿಸಿದೆವು. ನಿದ್ದೆ ಇಲ್ಲದವಳಿಗೆ.

ಮೂರನೇ ದಿನ ಶುಕ್ರವಾರ. ಹತ್ತು ಹನ್ನೆರಡು ಜನ ಸುತ್ತ ನಿಂತು ಒಟ್ಟಿಗೆ ಕೂಗುತ್ತಿದ್ದೆವು, ತಗಡಿನ ಮಾಡು ನಡುಗುವಷ್ಟು. ಪಾಸ್ಟರ್ ಅವಳ ಹಣೆಗೆ ಎಣ್ಣೆ ಹಚ್ಚಿ 'ನಿನ್ನ ಹೆಸರೇನು? ಎಲ್ಲಿಂದ ಬಂದೀ?' ಅಂತ ಕೇಳುತ್ತಿದ್ದರು. ಅವಳು ಕೊಸರಿದಳು. ಅಣ್ಣನಾದ ನೀನೇ ಹಿಡಿ ಅಂದರು, ಹಿಡಿದೆ. ಅವಳು ನನ್ನನ್ನು ನೇರ ನೋಡಿ 'ಅಣ್ಣಾ, ನಾನೇ ಅದೀನಿ. ಕೈ ಬಿಡೋ' ಅಂದಳು. ದನಿ ಬದಲಾಗಿರಲಿಲ್ಲ, ಕಣ್ಣು ತಿರುಗಿರಲಿಲ್ಲ. ಅವಳದೇ ದನಿ. ಪಾಸ್ಟರ್ 'ಅದರ ಮಾತು ಕೇಳಬ್ಯಾಡ ಬ್ರದರ್, ಅದು ನಿನ್ನ ತಂಗಿ ಅಲ್ಲ' ಅಂದರು. ನಾನು ಇನ್ನೂ ಬಿಗಿಯಾಗಿ ಹಿಡಿದೆ. ಅವಳ ವಾಚಿನ ಪಟ್ಟಿ ಚರ್ಮಕ್ಕೆ ಒತ್ತಿ ಮೂಡಿದ ಗುರುತು ಎಷ್ಟೋ ದಿನ ಹೋಗಿರಲಿಲ್ಲ.

ಇದನ್ನು ಹೇಳಿಬಿಟ್ಟರೆ ಹಗುರ ಆಗುತ್ತೆ ಅಂದುಕೊಂಡಿದ್ದೆ. ಆದರೆ ಇನ್ನೊಂದು ಇದೆ. ಅವತ್ತು ನನಗೆ ಹೆದರಿಕೆ ಆಗಲಿಲ್ಲ ಕುಂದಾ, ಖುಷಿ ಆಯಿತು. ಅವಳು ಕೊಸರಿದಷ್ಟೂ ನನ್ನ ಬಾಯಲ್ಲಿ ಅಧಿಕಾರ ಇದೆ ಅನಿಸಿತು. ಬಾಗಲಕೋಟೆಯಲ್ಲಿ ಎರಡು ಸಬ್ಜೆಕ್ಟ್ ಬಾಕಿ ಇಟ್ಟುಕೊಂಡು, ಮೆಸ್ಸಿನ ದುಡ್ಡು ಸಾಲ ಹೇಳಿಕೊಂಡು ಓಡಾಡುತ್ತಿದ್ದವನ ಮಾತಿಗೆ ಅದೃಶ್ಯ ಲೋಕವೇ ನಡುಗುತ್ತಿದೆ. ಅವಳು ಸುಸ್ತಾಗಿ ಕುಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಯಾಕಂದರೆ ಆಗ ಕೈ ಖಾಲಿ ಆಗಿತ್ತು. ಭಾನುವಾರ ಮೈಕ್ ಹಿಡಿದು ಸಾಕ್ಷಿ ಬೇರೆ ಹೇಳಿದೆ. ಲೂಕನ ಹತ್ತನೇ ಅಧ್ಯಾಯದಲ್ಲಿ, ದೆವ್ವಗಳು ನಿಮಗೆ ಅಧೀನ ಆದವು ಅಂತ ಖುಷಿಪಡಬೇಡಿ ಅಂತ ಯೇಸು ಸ್ವಾಮಿಯೇ ಶಿಷ್ಯರಿಗೆ ಹೇಳುವ ಮಾತಿದೆ. ಎಷ್ಟು ಸಲ ಓದಿದ್ದೆ! ಅದು ಬೇರೆ ಯಾರಿಗೋ ಹೇಳಿದ ಹಾಗೆ ಓದಿ ಮುಂದೆ ಹೋಗಿದ್ದೆ.

ಒಂದು ವಾರಕ್ಕೆ ಅವಳು ಇನ್ನೂ ಕೆಟ್ಟಳು. ಅಪ್ಪ ನನ್ನನ್ನು ಒಂದು ಮಾತೂ ಕೇಳದೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದ. 'ಧಾರವಾಡಕ್ಕ ಹಾಕಬೇಕು ನಿನ್ನ' ಅಂತ ನಾವೆಲ್ಲ ಜೋಕ್ ಮಾಡುತ್ತೇವಲ್ಲ, ಅದೇ ಧಾರವಾಡ. ಗುಳಿಗೆ ಶುರುವಾಯಿತು, ತಿಂಗಳುಗಟ್ಟಲೆ ಹಿಡಿಯಿತು, ಆದರೆ ಅವಳು ತಿರುಗಿ ಬಂದಳು. ಈಗ ಅವಳು ಮಾಸ್ತರಿಣಿ, ನನ್ನ ಕಾಗುಣಿತ ತಿದ್ದುತ್ತಾಳೆ.

ನಮ್ಮ ರಾಜ್ಯದ ಮಾಟಮಂತ್ರದ ವಿರುದ್ಧದ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2020ರಲ್ಲಿ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಅಪರಾಧ ಅಂತ ಪೇಪರಿನಲ್ಲಿ ಓದಿದಾಗ ನನಗೆ ಮೊದಲು ಬಂದ ಯೋಚನೆ ಏನು ಹೇಳು? ನಾವು ಹೊಡೆಯಲಿಲ್ಲ, ಕಟ್ಟಲಿಲ್ಲ, ಸುಮ್ನೆ ಹಿಡಿದುಕೊಂಡಿದ್ದೆವು. ಎಂಥ ವಕೀಲ ನೋಡು ನಾನು.

ಜಡೆಯ ಆ ದಿನ ರಾತ್ರಿ ನಿದ್ದೆ ಬರದೆ ಮೊಬೈಲ್ ಹಿಡಿದು ಓದುತ್ತಾ ಕೂತೆ. ಆ ಉಪವಾಸದಿಂದಲೇ ಶುರು ಮಾಡಿದೆ. ಮಾರ್ಕ ಒಂಬತ್ತರಲ್ಲಿ ಬೆಂಕಿಗೂ ನೀರಿಗೂ ಬೀಳುವ ಹುಡುಗನ ಕಥೆ ಇದೆಯಲ್ಲ, ಈ ಜಾತಿ ಪ್ರಾರ್ಥನೆ ಮತ್ತು ಉಪವಾಸದಿಂದ ಮಾತ್ರ ಹೋಗುತ್ತೆ ಅಂತ. ತೀರಾ ಹಳೆಯ ಕೈಬರಹದ ಪ್ರತಿಗಳಲ್ಲಿ 'ಉಪವಾಸ' ಅನ್ನುವ ಪದವೇ ಇಲ್ಲ. ಪ್ರಾರ್ಥನೆ ಅಂತ ಅಷ್ಟೇ. ನಾನು ನಿನ್ನ ಮುಖಕ್ಕೆ ಹಿಡಿಯುತ್ತಿದ್ದ ಮಾರ್ಕನ ಕೊನೇ ಅಧ್ಯಾಯದ ಆ ಸಾಲಿಗೂ ಅದೇ ಗತಿ. ಒಂದು ಪದಕ್ಕಾಗಿ ಮೂರು ದಿನ ಅವಳ ತಟ್ಟೆ ಖಾಲಿ ಇಟ್ಟೆವು.

ಹಾಗೇ ಓದುತ್ತಾ ಒಬ್ಬರು ಸಿಕ್ಕರು, ಬ್ಲೂಮ್‌ಹಾರ್ಟ್ ಅಂತ. ನಮ್ಮ ಊರಿಗೆ ಅಯ್ನೋರನ್ನು ಕಳಿಸಿದ ಅದೇ ಬಾಸೆಲ್ ಮಿಶನ್ನಿನಲ್ಲಿ 1830ರಿಂದ ಏಳು ವರ್ಷ ಮಾಸ್ತರರಾಗಿದ್ದವರು. ಆಮೇಲೆ ಜರ್ಮನಿಯ ಮ್ಯೋಟ್ಲಿಂಗೆನ್ ಅನ್ನುವ ಹಳ್ಳಿಯ ಪಾದ್ರಿ. ಅಲ್ಲಿ ಗೊಟ್ಲೀಬಿನ್ ಡಿಟ್ಟುಸ್ ಅನ್ನುವ ಹೆಂಗಸಿಗೆ ಇಂಥದ್ದೇ ಕಾಟ, 1842-43, ಹತ್ತಿರ ಹತ್ತಿರ ಎರಡು ವರ್ಷ. ಅಂದರೆ ನಮ್ಮ ಅಜ್ಜನ ಒಣ ಸಭೆಯ ತವರುಮನೆಯಲ್ಲೇ ಈ ಕಥೆ ಇತ್ತು, ನನಗೆ ಗೊತ್ತಿರಲಿಲ್ಲ. ಅದು ದೆವ್ವ ಅಲ್ಲ, ಹಿಸ್ಟೀರಿಯಾ ಅಂದವರೂ ಇದ್ದಾರೆ, ಇರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಒಂದು ಚಿತ್ರ. ಅವಳ ಮೈಯೆಲ್ಲ ಸೆಟೆದುಕೊಂಡಿದೆ. ಆ ಪಾದ್ರಿ ಹೋಗಿ ಅವಳ ಕೈ ಹಿಡಿಯುತ್ತಾರೆ. ಹಿಡಿದು ಎರಡೂ ಕೈ ಜೋಡಿಸಿ, ಅವಳ ಹೆಸರು ಕೂಗಿ, 'ಕರ್ತನಾದ ಯೇಸುವೇ, ನನಗೆ ಸಹಾಯ ಮಾಡು' ಅಂತ ನೀನೇ ಪ್ರಾರ್ಥನೆ ಮಾಡು ಅನ್ನುತ್ತಾರೆ. ಮುಂದೆ ಅವರೂ ದೆವ್ವಗಳ ಜೊತೆ ಮಾತಿಗೆ ಇಳಿದರು ಅನ್ನು. ಆದರೆ ಮೊದಲು ಕರೆದದ್ದು ಅವಳನ್ನು. ನಮ್ಮ ಹಾಲಿನಲ್ಲಿ ಹನ್ನೆರಡು ಜನ ದೆವ್ವದ ಹೆಸರು ಕೇಳುತ್ತಿದ್ದೆವು. ತಂಗಿಯ ಹೆಸರನ್ನು ಅವತ್ತು ಒಬ್ಬರೂ ಹಿಡಿಯಲಿಲ್ಲ. ನಾನೂ ಹಿಡಿಯಲಿಲ್ಲ.

ಬೆಳಿಗ್ಗೆ ಎದ್ದು ನಿನ್ನ ತಹಶೀಲ್ದಾರರ ಸಹಿ ನೆನಪಾಯಿತು. ಆ ಸಹಿ ದೆವ್ವಕ್ಕೆ ಬೇಕಾಗಿದ್ದಲ್ಲ, ನನ್ನಂಥವನಿಗೆ ಬೇಕಾಗಿದ್ದು. ನಡುವೆ ಯಾರೋ ಒಬ್ಬರು ತಡೆದು 'ಡಾಕ್ಟರಿಗೆ ತೋರ್ಸಿದ್ರೇನು?' ಅಂತ ಕೇಳಲಿ ಅಂತ. ಆನೆಲೀಸೆಯ ಮನೆಯಲ್ಲಿ ಅದೂ ಸೋತಿತು, ಗೊತ್ತು. ನೀನು ಗೆದ್ದೆ ಅಂತ ನಾನು ಹೇಳುತ್ತಿಲ್ಲ, ಕುಣಿಯಬೇಡ.

ನನಗೆ ದೆವ್ವದ ಮೇಲಿನ ನಂಬಿಕೆ ಹೋಯಿತಾ ಅಂತ ಕೇಳುತ್ತೀಯ. ಇಲ್ಲ. ಈಗಲೂ ಕರೆಂಟ್ ಹೋದರೆ ಮೊದಲು ಬಾಯಿಗೆ ಬರುವುದು ಯೇಸಪ್ಪಾ ಅನ್ನುವುದೇ, ಮೊಬೈಲ್ ಟಾರ್ಚ್ ಆಮೇಲೆ. ತಂಗಿನೂ ಅಷ್ಟೇ, ಭಾನುವಾರ ತಪ್ಪಿಸಲ್ಲ. ಈ ಪತ್ರ ಹಾಕಲಾ ಅಂತ ಕೇಳಲು ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಅವತ್ತು ಆ ಹಾಲಿನ್ಯಾಗ ದೆವ್ವ ಇರಲಿಲ್ಲ ಅಂತ ನಾ ಎಲ್ಲಿ ಅಂದೀನಿ? ಯಾರೊಳಗ ಇತ್ತು ಅನ್ನೋದ ಗೊತ್ತಾಗಲಿಲ್ಲ ಅಷ್ಟ' ಅಂದು ನಕ್ಕಳು. ನನಗೆ ನಗು ಬರಲಿಲ್ಲ. ಕ್ಷಮಿಸು ಅಂತ ಹೇಳಬೇಕು ಅಂತಲೇ ಫೋನ್ ಮಾಡಿದ್ದು, 'ಮಕ್ಕಳಿಗೆ ಪರೀಕ್ಷೆ ಯಾವಾಗ?' ಅಂತ ಕೇಳಿ ಇಟ್ಟೆ. ಇಡುವ ಮುಂಚೆ ಅವಳೇ ಅಂದಳು, 'ನನ್ನ ಹೆಸರು ಹಾಕಬ್ಯಾಡ. ನಿನ್ನದು ಬೇಕಾದ್ರ ದೊಡ್ಡದಾಗಿ ಹಾಕ್ಕೋ.' ಆಮೇಲೆ ಮೂರು ಕಡೆ ಒತ್ತಕ್ಷರ ತಿದ್ದಿ ಕಳಿಸಿದಳು.

ಆಯಿತು, ಸಾಕು. ಇಷ್ಟು ಬರೆಯುವ ಯೋಚನೆ ಇರಲಿಲ್ಲ, ರೀಲಿನ ಕೀಬೋರ್ಡಿನವನ ಬಗ್ಗೆ ಒಂದು ಜೋಕ್ ಮಾಡಿ ಮುಗಿಸೋಣ ಅಂದುಕೊಂಡಿದ್ದೆ. ಆ ಜೋಕ್ ಚೆನ್ನಾಗಿತ್ತು, ಈಗ ಮರೆತೇಹೋಯಿತು. ನೀನು ಇದನ್ನು ಓದಿ ಗಂಭೀರ ಆಗಿ ಫೋನ್ ಮಾಡಬೇಡ, ನಿನ್ನ ಗಂಭೀರ ದನಿ ಕೇಳಿದರೆ ನನಗೆ ಆ ವೈವಾ ನೆನಪಾಗುತ್ತೆ. ವೈನಿಗೆ ನಮಸ್ಕಾರ ಹೇಳು. ಬನಶಂಕರಿ ಜಾತ್ರೆಗೆ ಬರುವವನಿದ್ದರೆ ಮನೆಯಲ್ಲೇ ಉಳಿ, ತಂಗಿನೂ ಬರುತ್ತಾಳೆ, ಕಬ್ಬಿನ ಹಾಲಿನ ಬಗ್ಗೆ ನಿನ್ನನ್ನು ವಿಚಾರಿಸಿಕೊಳ್ಳಬೇಕಂತೆ. ಬರುವಾಗ ನಿನ್ನ ಹೆಸರಿನದೇ ಬೆಳಗಾವಿ ಸಿಹಿ, ಕುಂದಾ, ಒಂದು ಕೆಜಿ ತಾ. ಹೋದ ಸಲದ ಹಾಗೆ ಲೋಕಾಪುರಕ್ಕೆ ಬರುವಷ್ಟರಲ್ಲಿ ಅರ್ಧ ಪೆಟ್ಟಿಗೆ ಖಾಲಿ ಮಾಡಿ ಇಲಿ ತಿಂದಿತು ಅನ್ನಬೇಡ.

ನಿನ್ನ,
ಎರಡನೇ ಸೀಟಿಯವನು