ಗೋದಾಮು ಹಿಡಿಯುವ ಮುಂಚೆ ಒಂದು ಮಳೆ ನೋಡು

ರಾಯಚೂರು

ಪ್ರೀತಿಯ ತಂಗಿಯ ಮಗಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ. ನಿಮ್ಮತ್ತೆಯ ಮೊಣಕಾಲು ನೋವು ಮಾತ್ರ ಇದ್ದದ್ದೇ. ಗಂಗಾವತಿಯಿಂದ ನೀನು ವಾಟ್ಸಾಪಿನಲ್ಲಿ ಕಳಿಸಿದ ಗೋದಾಮುಗಳ ಫೋಟೊ ನೋಡಿದೆ. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಮಾತಿಗೆ ಕುಂತರೆ ನಾನು ಎಲ್ಲೆಲ್ಲಿಗೋ ಹೋಗುತ್ತೇನೆ, ನಿನಗೆ ಗೊತ್ತಲ್ಲ. ಅದಕ್ಕೇ ಈ ಪತ್ರ.

"ಮಾವ, ಇವುಗಳಲ್ಲಿ ಯಾವುದು ಅಗ್ಗ?" ಅಂತ ಕೇಳಿದ್ದೀಯ. ಅದು ಕೊನೆಗೆ ಕೇಳುವ ಮಾತು. ಏನು ಇಡುತ್ತೀಯ, ಎಷ್ಟು ದಿನ ಇಡುತ್ತೀಯ, ನಡುವೆ ಎಷ್ಟು ಸಲ ತೆಗೆಯುತ್ತೀಯ, ಇದನ್ನು ಮೊದಲು ನೋಡು. 800 ಚೀಲ ಸೋನಾ ಮಸೂರಿ ಅಕ್ಕಿಯನ್ನು ಆರೆಂಟು ತಿಂಗಳು ಇಟ್ಟು, ಹಳೆ ಅಕ್ಕಿ ಅಂತ ಪ್ಯಾಕೆಟ್ ಮಾಡಿ ಮಾರಬೇಕು ಅನ್ನುವುದು ನಿನ್ನ ಲೆಕ್ಕ. ಜೊತೆಗೆ ಒಣಮೆಣಸಿನಕಾಯಿ. ನೋಡವ್ವಾ, ಇವೆರಡನ್ನೂ ಒಂದೇ ಸೂರಿನಡಿ ಇಡಬೇಡ. ಅಕ್ಕಿ ಪಕ್ಕದಲ್ಲಿದ್ದದ್ದರ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಆರು ತಿಂಗಳಾದ ಮೇಲೆ ಅನ್ನ ಮಾಡಿದರೆ ಘಾಟು ಬರುತ್ತದೆ. ಗೊಬ್ಬರದ ಚೀಲ, ಫಿನಾಯಿಲ್ ಡಬ್ಬ ಇದ್ದ ಜಾಗವಂತೂ ಬೇಡವೇ ಬೇಡ.

ಕಾರಟಗಿ ರಸ್ತೆಯ ಆ ಶೆಡ್ಡಿನ ಮೇಲೆ ನಿನಗೆ ಮನಸ್ಸಾಗಿದೆ ಅಂತ ಕಾಣುತ್ತದೆ. 2000 ಚದರಡಿ, ಕಡಿಮೆ ಬಾಡಿಗೆ. ಫೋಟೊ ದೊಡ್ಡದು ಮಾಡಿ ನೋಡಿದೆ. ಗೋಡೆಯ ಕೆಳಗಿನ ಮೂರಡಿಗೆ ಮಾತ್ರ ಹೊಸ ಸುಣ್ಣ ಬಳಿದಿದ್ದಾರೆ. ಮೇಲೆಲ್ಲ ಹಳೆಯದೇ. ಯಾಕಂತೀ?

2009ರಲ್ಲಿ ನಾನೂ ಇಂಥದ್ದೇ ಒಂದು ಶೆಡ್ಡು ಹಿಡಿದಿದ್ದೆ. ದಲಾಲಿ ಅಂಗಡಿಯ ಲೆಕ್ಕ ಬರೆಯುವುದು ಬಿಟ್ಟು ಸ್ವಂತ ವ್ಯಾಪಾರ ಅಂತ ಹೊರಟಿದ್ದೆನಲ್ಲ, ಆಗ. ಊರ ಹೊರಗೆ, ಹಳ್ಳದಿಂದ ಒಂದು ಕೂಗಿನ ದೂರ. "ಇಲ್ಲಿಗೆ ನೀರು ಯಾವತ್ತೂ ಬಂದಿಲ್ಲ" ಅಂದಿದ್ದ ಮಾಲೀಕ. ಬೆಲೆ ಬರಲಿ ಅಂತ 200 ಚೀಲ ಬಿಳಿಜೋಳ ಇಟ್ಟೆ. ಹಲಗೆ ಹಾಕಿಸಲಿಲ್ಲ, ನೆಲದ ಮೇಲೇ ಚೀಲದ ಮೇಲೆ ಚೀಲ ಇಟ್ಟು ನಿಟ್ಟು ಒಟ್ಟಿಸಿದೆ. ಆ ವರ್ಷದ ಅಕ್ಟೋಬರ್ ಮಳೆ ನಿನಗೆ ನೆನಪಿದೆಯೋ ಇಲ್ಲವೋ, ನಮ್ಮ ಜಿಲ್ಲೆಯಲ್ಲಿ ಊರೂರೇ ನೀರಲ್ಲಿ ನಿಂತವು. ಐದನೇ ದಿನ ಬಾಗಿಲು ತೆಗೆದೆ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಕೆಳಗಿನ ಚೀಲಗಳ ಹೊಲಿಗೆಯ ಸಂದಿಯಿಂದ ಬಿಳಿ ಮೊಳಕೆಗಳು ಇಣುಕುತ್ತಿದ್ದವು. ಚೀಲಕ್ಕೆ ಕೈ ಇಟ್ಟರೆ ಜ್ವರ ಬಂದವರ ಮೈ ಮುಟ್ಟಿದ ಹಾಗೆ. ಮಾಲೀಕನಿಗೆ ಕಟ್ಟಡದ ವಿಮೆ ಇತ್ತು. ಒಳಗಿನ ಮಾಲು ನನ್ನದು, ಅದಕ್ಕೆ ವಿಮೆ ನಾನೇ ಮಾಡಿಸಬೇಕಿತ್ತು. ಮಾಡಿಸಿರಲಿಲ್ಲ.

ಹಾಗಾಗಿ ಶೆಡ್ಡು ನೋಡಲು ಹೋದರೆ ಮೊದಲು ಹೊರಗೆ ಒಂದು ಸುತ್ತು ಹಾಕು. ಸುತ್ತಲಿನ ನೆಲಕ್ಕಿಂತ ಒಳಗಿನ ನೆಲ ಎರಡೂವರೆ, ಮೂರಡಿ ಎತ್ತರ ಇರಬೇಕು. ನೀರೂ ಬರುವುದಿಲ್ಲ, ಲಾರಿಯಿಂದ ಚೀಲ ಇಳಿಸಲು ಹಮಾಲರಿಗೂ ಸಲೀಸು. ಆಮೇಲೆ ಮಟಮಟ ಮಧ್ಯಾಹ್ನ ಒಳಗೆ ನಿಂತು ಬಾಗಿಲು ಹಾಕಿಸು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ತಗಡಿನಲ್ಲಿ ಎಲ್ಲೆಲ್ಲಿ ಚುಕ್ಕಿ ಚುಕ್ಕಿ ಬೆಳಕು ಕಾಣುತ್ತದೋ ಅಲ್ಲೆಲ್ಲ ಮಳೆಗಾಲದಲ್ಲಿ ನೀರು. ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ ಇದ್ದರೆ ಇಲಿಯೂ ತೂರುತ್ತದೆ.

ಇನ್ನು, ನಿನಗೆ 2000 ಚದರಡಿ ಬೇಕಾ? ಲೆಕ್ಕ ಹಾಕೋಣ. 50 ಕೆಜಿಯ 800 ಚೀಲ, ಅಂದರೆ 40 ಟನ್. ಹತ್ತು ಚೀಲ ಎತ್ತರಕ್ಕೆ ಒಟ್ಟಿದರೆ ನೆಲದ ಮೇಲೆ 80 ಚೀಲದ ಜಾಗ ಸಾಕು. ಮಲಗಿಸಿದ ಚೀಲಕ್ಕೆ ಐದೂವರೆ ಚದರಡಿ ಅಂತ ಹಿಡಿ, 440 ಆಯಿತು. ಗೋಡೆಯಿಂದ ಎರಡೂವರೆ ಅಡಿ ಬಿಡಬೇಕು, ನಿಟ್ಟುಗಳ ನಡುವೆ ಓಡಾಡಲು ದಾರಿ ಬೇಕು. ಏನು ಮಾಡಿದರೂ 900 ದಾಟುವುದಿಲ್ಲ. ಉಳಿದ ಜಾಗದ ಬಾಡಿಗೆ ಯಾರ ಸಲುವಾಗಿ?

ನನ್ನ ಮನಸ್ಸು ಇರುವುದು ನೀನು ಕಳಿಸಿದ ಎರಡನೇ ಫೋಟೊ ಮೇಲೆ, ಸರ್ಕಾರದ ಉಗ್ರಾಣ ನಿಗಮದ ಗೋದಾಮು. ನೋಡಲು ಚಂದ ಇಲ್ಲ, ಬಿಡು. 1957ರಿಂದ ಇದೇ ಕೆಲಸ ಮಾಡಿಕೊಂಡು ಬಂದಿರುವವರು. ಚೀಲಕ್ಕೆ, ತಿಂಗಳಿಗೆ ಇಷ್ಟು ಅಂತ ಬಾಡಿಗೆ. 100 ಚೀಲ ತೆಗೆದರೆ ಅಷ್ಟರ ಬಾಡಿಗೆ ಇಳಿಯುತ್ತದೆ. ಕೆಳಗೆ ಹಲಗೆ, ಮೇಲೆ ಔಷಧಿ, ಎಲ್ಲ ಅವರದೇ ಪದ್ಧತಿ. ಅವರು ಕೊಡುವ ರಸೀದಿಯೂ ಸುಮ್ನೆ ಚೀಟಿಯಲ್ಲ. ಗೋದಾಮು 2007ರ ಉಗ್ರಾಣ ಕಾಯ್ದೆಯ ಕೆಳಗೆ ಕೇಂದ್ರದ ಉಗ್ರಾಣ ಪ್ರಾಧಿಕಾರದಲ್ಲಿ ನೋಂದಣಿ ಆಗಿದ್ದರೆ ಎಲೆಕ್ಟ್ರಾನಿಕ್ ರಸೀದಿ ಸಿಗುತ್ತದೆ. ಅದನ್ನು ಬ್ಯಾಂಕಿನಲ್ಲಿ ಅಡ ಇಟ್ಟು ಸಾಲ ಕೇಳಬಹುದು. ಸುಗ್ಗಿಯಲ್ಲಿ ಕೈ ಖಾಲಿ ಅಂತ ಹೋದ ವರ್ಷ ಅತ್ತಿದ್ದೆಯಲ್ಲ, ಅದಕ್ಕೊಂದು ದಾರಿ. ನೋಂದಣಿ ಇದೆಯಾ ಅಂತ ಮಾತ್ರ ಕೇಳಿಕೋ, ಎಲ್ಲ ಗೋದಾಮಿಗೂ ಇರುವುದಿಲ್ಲ.

ತೊಂದರೆಯೂ ಇದೆ. ನಿನಗೆ ಬೇಕೆಂದಾಗ ಬಾಗಿಲು ತೆರೆಯುವುದಿಲ್ಲ. ಅಲ್ಲಿ ಕುಂತು ಐದೈದು ಕೆಜಿ ಪ್ಯಾಕ್ ಮಾಡುವ ಹಾಗಿಲ್ಲ. ಅದಕ್ಕೆ ಮನೆ ಹತ್ತಿರ ಒಂದು ಚಿಕ್ಕ ಮಳಿಗೆ ಹಿಡಿ. ಒಂದು ಸಲಕ್ಕೆ 50 ಚೀಲ ತಂದು ಪ್ಯಾಕ್ ಮಾಡು. ಫುಡ್ ಲೈಸೆನ್ಸ್‌ಗೆ ಆ ಮಳಿಗೆಯ ವಿಳಾಸ ಕೊಡಬೇಕು, ಮರೆಯಬೇಡ.

ಔಷಧಿ ಅಂದೆನಲ್ಲ. ನಿಟ್ಟಿಗೆ ತಾಡಪತ್ರಿ ಹೊದಿಸಿ, ಒಳಗೆ ಗುಳಿಗೆ ಇಟ್ಟು, ಸುತ್ತಲೂ ಬಿಗಿಮಾಡಿ ಕೆಲವು ದಿನ ಬಿಡುತ್ತಾರೆ. ಅದು ವಿಷದ ಗಾಳಿ. ಪರವಾನಗಿ ಇದ್ದವರೇ ಮಾಡಬೇಕು. ಅಂಗಡಿಯಿಂದ ಗುಳಿಗೆ ತಂದು ಮಳಿಗೆಯಲ್ಲಿ ನೀನೇ ಇಟ್ಟೀಯ, ಹುಷಾರು. ನಮ್ಮ ತಾತನ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ಜೋಳಕ್ಕೆ ಹಗೇವು ಇತ್ತು. ದಿನ್ನೆಯ ಗಟ್ಟಿ ನೆಲ ನೋಡಿ ತೋಡಿ, ಸುತ್ತ ಹುಲ್ಲು ಕಟ್ಟಿ, ತುಂಬಿ ಬಾಯಿ ಮುಚ್ಚಿದರೆ ಉಸಿರಾಡಲು ಗಾಳಿಯಿಲ್ಲದೆ ನುಸಿ ತಾನೇ ಸಾಯುತ್ತಿತ್ತು. ತೆಗೆಯುವ ದಿನ ಮೊದಲು ಲಾಟೀನು ಇಳಿಸುತ್ತಿದ್ದರು. ದೀಪ ಆರಿದರೆ ಆ ದಿನ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ನೋಡು, ಮತ್ತೆ ಎಲ್ಲಿಗೋ ಹೋದೆ.

ಹೊಸಪೇಟೆ ಹತ್ತಿರದ ಆ ಹೊಳೆಯುವ ವೇರ್‌ಹೌಸ್, ನಾಲ್ಕಾರು ಜನ ಹಂಚಿಕೊಳ್ಳುವುದು, ಸೋಪು-ಬಿಸ್ಕತ್ತಿನವರಿಗೆ ಸರಿ. ದಿನಾ ನೂರಾರು ಪಾರ್ಸೆಲ್ ಕಳಿಸುವ ಕಾಲ ಬಂದಾಗ ನೋಡೋಣ. ಈಗ ಪಕ್ಕದವನ ಚೀಲದ ನುಸಿ ನಿನ್ನ ಚೀಲಕ್ಕೆ ಬಂದರೆ ಯಾರನ್ನು ಕೇಳುತ್ತೀ?

ಮೆಣಸಿನಕಾಯಿಗೆ ಬಳ್ಳಾರಿಯ ಕೋಲ್ಡ್ ಸ್ಟೋರೇಜೇ ಸರಿ. ಬ್ಯಾಡಗಿ ಕಾಯಿಗೆ ದುಡ್ಡು ಕೊಡುವುದೇ ಬಣ್ಣಕ್ಕೆ. ನಮ್ಮ ಬೇಸಿಗೆಯಲ್ಲಿ ತಗಡಿನ ಕೆಳಗೆ ಇಟ್ಟರೆ ಕೆಂಪು ಹೋಗಿ ಮಾಸಲು ಆಗುತ್ತದೆ. ಒಳಗೆ ಹತ್ತು ಡಿಗ್ರಿಗಿಂತ ಕೆಳಗೆ ಇರಬೇಕು. ಕರೆಂಟು ಹೋದರೆ ಜನರೇಟರ್ ಇದೆಯಾ, ನಿಜವಾಗಿ ಓಡುತ್ತದಾ, ಶುರು ಮಾಡಿಸಿಯೇ ನೋಡು. ಕಾಯಿ ಚೆನ್ನಾಗಿ ಒಣಗಿರಲಿ. ತೆಗೆದ ದಿನವೇ ಚೀಲ ಬಿಚ್ಚಬೇಡ. ಫ್ರಿಜ್ಜಿನ ಬಾಟಲಿ ಬೆವರುವ ಹಾಗೆ ಕಾಯಿಯೂ ಬೆವರುತ್ತದೆ, ಆಮೇಲೆ ಬೂಸ್ಟು. ಒಂದು ದಿನ ಹಾಗೇ ನೆರಳಲ್ಲಿರಲಿ.

ಅಕ್ಕಿಯ ತೇವವನ್ನೂ ಮೀಟರಿನಲ್ಲಿ ನೋಡಿಸು, ನೂರಕ್ಕೆ 14ರೊಳಗೆ ಇರಲಿ. ಇಡುವಾಗ, ತೆಗೆಯುವಾಗ, ಎರಡೂ ಸಲ ತೂಕದ ಚೀಟಿ ತಗೋ. ಆರು ತಿಂಗಳಲ್ಲಿ ಒಣಗಿ ತೂಕ ಸ್ವಲ್ಪ ಇಳಿಯುತ್ತದೆ, ಅದಕ್ಕೆ ಜಗಳ ತೆಗೆಯಬೇಡ.

ಶೆಡ್ಡಿನವನಿಗೆ ಮುಂಗಡ ಕೊಟ್ಟಿಲ್ಲ ತಾನೆ? ಇಷ್ಟಾದ ಮೇಲೂ ಅದೇ ಬೇಕು ಅಂದರೆ, ಒಂದು ದೊಡ್ಡ ಮಳೆ ಬಂದ ಮಾರನೇ ದಿನ ಹೋಗು. ಹಿಂದಿನ ಮೂಲೆಯಲ್ಲಿ ನೆಲಕ್ಕೆ ಅಂಗೈ ಒತ್ತಿ ನೋಡಿ, ಆ ಮೂಲೆಯದೊಂದು ಫೋಟೊ ನನಗೆ ಕಳಿಸು. ನಿಮ್ಮವ್ವನಿಗೆ ಪುಂಡಿಪಲ್ಯ ಕಳಿಸಲು ಹೇಳು.

ಇತಿ ನಿನ್ನ ಮಾವ