ಸ್ಪೇನ್ ಅಂದರೆ ಬರೀ ಬಿಸಿಲಲ್ಲ, ಕಾಂಟಾಬ್ರಿಯಾ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ,

ಪ್ರವಾಸದ ಪುಟಗಳಲ್ಲಿ ಸ್ಪೇನ್ ಬಂದಾಗಲೆಲ್ಲ ಬಾರ್ಸಿಲೋನಾ, ಗೂಳಿ ಕಾಳಗ, ಪಯೇಯಾ ಅನ್ನುವ ಅನ್ನದ ಅಡುಗೆ, ಇಷ್ಟಕ್ಕೇ ಮುಗಿದುಬಿಡುತ್ತದೆ. ಉತ್ತರದ ಕಾಂಟಾಬ್ರಿಯಾ ಬಗ್ಗೆ ಒಂದು ಸಾಲೂ ಇರುವುದಿಲ್ಲ, ಅದೇ ಬೇಜಾರು.

ಇಡೀ ಪ್ರಾಂತ್ಯ ಸುಮಾರು 5,300 ಚದರ ಕಿ.ಮೀ. ಅಷ್ಟೇ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ 2,600 ಮೀಟರ್ ದಾಟುವ ಪಿಕೋಸ್ ದೆ ಯುರೋಪಾ ಬೆಟ್ಟಗಳು. ಸಮುದ್ರದಿಂದ ಬಂದ ಮೋಡ ಬೆಟ್ಟಕ್ಕೆ ಬಡಿದು ಮಳೆಯಾಗುತ್ತದೆ, ಹಾಗಾಗಿ ಎಲ್ಲಿ ನೋಡಿದರೂ ಹುಲ್ಲು. ಸಾನ್ ವಿಸೆಂತೆ ದೆ ಲಾ ಬಾರ್ಕೆರಾದಲ್ಲಿ ಮೀನುದೋಣಿಗಳ ಹಿಂದೆಯೇ ಹಿಮದ ಶಿಖರಗಳು ಕಾಣುತ್ತವೆ. ಲಿಯೆಂಕ್ರೆಸ್ ಹತ್ತಿರದ ಕೋಸ್ತಾ ಕೆಬ್ರಾದಾ ಕರಾವಳಿಯಲ್ಲಂತೂ ಬಂಡೆಯ ಪದರಗಳು ಮಲಗಿಲ್ಲ, ಓರೆಯಾಗಿ ಎದ್ದು ನಿಂತಿವೆ, ನೀರು ಇಳಿದಾಗ ಕಪಾಟಿನಲ್ಲಿ ಜೋಡಿಸಿದ ಪುಸ್ತಕಗಳ ಹಾಗೆ ಸಾಲಾಗಿ ಕಾಣುತ್ತವೆ.

ಅಲ್ಲಿಯ ಊಟವೂ ಈ ಮಳೆ, ಈ ಸಮುದ್ರದಿಂದಲೇ ಬಂದದ್ದು. ಪಾಸ್ ಕಣಿವೆಯ ದನಗಾಹಿಗಳು ಒಂದು ಕಡೆ ಹುಲ್ಲು ಮುಗಿದರೆ ಹಸುಗಳ ಜೊತೆ ಮನೆಮಂದಿಯೆಲ್ಲ ಇನ್ನೊಂದು ಕಲ್ಲುಗುಡಿಸಲಿಗೆ ಹೋಗುತ್ತಿದ್ದರು. ಕೆಳಗೆ ಹಸು, ಮೇಲೆ ಒಣಹುಲ್ಲು ಮತ್ತು ಜನ. ಬೆಣ್ಣೆ ಜಾಸ್ತಿ ಹಾಕಿದ ಸೊಬಾವೊ ಕೇಕು, ಹೆಪ್ಪುಗಟ್ಟಿಸಿದ ಹಾಲಿನಿಂದ ಮಾಡುವ ಕೆಸಾದಾ ಸಿಹಿ, ಎರಡೂ ಈ ಕಣಿವೆಯವೇ. ಚಳಿಗೆ ಬಿಳಿ ಬೀನ್ಸ್, ಎಲೆಕೋಸು, ಹಂದಿಮಾಂಸ ಹಾಕಿ ನಿಧಾನಕ್ಕೆ ಬೇಯಿಸುವ ಕೊಸೀದೊ ಮೊಂತಾನ್ಯೆಸ್ ಇದೆ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದ್ದು ಸಾಂತೋನ್ಯಾ ಬಂದರಿನ ಆಂಚೊವಿ ಬಗ್ಗೆ. ಬೆರಳುದ್ದದ ಮೀನು ಅದು. 19ನೇ ಶತಮಾನದ ಕೊನೆಗೆ ಸಿಸಿಲಿಯಿಂದ ಬಂದವರು ಇದಕ್ಕೆ ಉಪ್ಪು ಹಾಕಿಡುವ ಕೆಲಸ ಶುರು ಮಾಡಿದರು. ಮೀನು, ಉಪ್ಪು, ಮೀನು, ಉಪ್ಪು ಅಂತ ಪೀಪಾಯಿಯಲ್ಲಿ ಪದರ ಹಾಕಿ, ಮೇಲೆ ಭಾರ ಹೇರಿ, ತಿಂಗಳುಗಟ್ಟಲೆ ಬಿಡುತ್ತಾರೆ. ಆಮೇಲೆ ಹೆಂಗಸರು ಒಂದೊಂದೇ ಮೀನಿನ ಚರ್ಮ ತೆಗೆದು, ಸಣ್ಣ ಮುಳ್ಳುಗಳನ್ನು ಕತ್ತರಿಸಿ, ಎರಡು ಹೋಳು ಮಾಡಿ ಎಣ್ಣೆಯಲ್ಲಿ ಜೋಡಿಸುತ್ತಾರೆ. ಎಲ್ಲ ಕೈಕೆಲಸ, ಅದಕ್ಕೇ ಡಬ್ಬಿ ದುಬಾರಿ. ಮೀನು ತೀರಾ ಕಡಿಮೆಯಾಗಿ 2005ರಲ್ಲಿ ಈ ಕರಾವಳಿಯ ಬಿಸ್ಕೇ ಕೊಲ್ಲಿಯಲ್ಲಿ ಆಂಚೊವಿ ಹಿಡಿಯುವುದನ್ನೇ ನಿಲ್ಲಿಸಿದರು. ಮತ್ತೆ ಸರಿಯಾಗಿ ಶುರುವಾದದ್ದು 2010ರಲ್ಲಿ. ಅಷ್ಟು ವರ್ಷ ತಡೆದುಕೊಂಡದ್ದಕ್ಕೇ ಮೀನು ಚೇತರಿಸಿಕೊಂಡಿತು, ಇದನ್ನು ಬರೆಯಬೇಕು ಅಲ್ವಾ?

ದಯವಿಟ್ಟು ಒಂದು ವಾರ ಪೂರ್ತಿ ಪುಟ ಕೊಡಿ. ಚಂದದ ಫೋಟೊ ಸುಮ್ನೆ ಹಾಕಿ ಬಿಡಬೇಡಿ, ಆ ಹೆಂಗಸರ ಕೆಲಸದ ಬಗ್ಗೆಯೂ ಇರಲಿ. ಆದಿಮಾನವರ ಚಿತ್ರಗಳಿರುವ ಅಲ್ಲಿಯ ಆಲ್ತಾಮಿರಾ ಗುಹೆಯ ಬಗ್ಗೆ ಬರೆದರೆ ಇನ್ನೊಂದು ಮಾತು ಸೇರಿಸಿ: ಚಿತ್ರಗಳು ಹಾಳಾಗದಿರಲಿ ಅಂತ ಮೂಲ ಗುಹೆಗೆ ಎಲ್ಲರನ್ನೂ ಬಿಡುವುದಿಲ್ಲ, ಹೆಚ್ಚಿನವರು ನೋಡುವುದು 2001ರಲ್ಲಿ ಪಕ್ಕದಲ್ಲೇ ತೆರೆದ ಪ್ರತಿಕೃತಿಯನ್ನು. ಹೋಗುವವರಿಗೆ ಇದು ಮೊದಲೇ ಗೊತ್ತಿರಲಿ.

ಇತಿ,
ನಿಮ್ಮ ಓದುಗ