ಮೊಡವೆ ಟ್ಯೂಬ್ ಕೊಡೋವಾಗ ಹಚ್ಚೋದು ಹೇಗಂತಾನೂ ಹೇಳಿ

ಸಂಪಾದಕರಿಗೆ ನಮಸ್ಕಾರ,

ಹೋದ ಬೇಸಿಗೇಲಿ ನಮ್ಮನೇಲಿ ಆಗಿದ್ದು ಇನ್ನೊಬ್ರ ಮನೇಲಿ ಆಗ್ಬಾರ್ದು ಅಂತ ಬರೀತಿದೀನಿ. ಮಗಳು ಸೆಕೆಂಡ್ ಪಿಯುಸಿ, ಹಣೆ ಕೆನ್ನೆ ತುಂಬ ಮೊಡವೆ. ಮೆಡಿಕಲ್ ಶಾಪಲ್ಲಿ ಕೇಳಿದ್ಕೆ ಡಾಕ್ಟ್ರ ಚೀಟಿ ಏನೂ ಕೇಳ್ದೆ ಅಡಾಪಲೀನ್ 0.1% ಜೆಲ್ ಕೊಟ್ರು, "ರಾತ್ರಿ ಹಚ್ಚಿ" ಅಂದ್ರು, ಅಷ್ಟೇ. ಇವ್ಳು ಬೇಗ ವಾಸಿ ಆಗ್ಲಿ ಅಂತ ಬೆಳಿಗ್ಗೇನೂ ರಾತ್ರೀನೂ ಬಳ್ಕೊಂಡ್ಲು, ಸಾಲದ್ದಕ್ಕೆ ನಾನು ಕಡ್ಲೆಹಿಟ್ಟಿಗೆ ನಿಂಬೆರಸ ಕಲಸಿ ತಿಕ್ಕು ಅಂದೆ. ಒಂದು ವಾರಕ್ಕೆ ಮೂಗಿನ ಪಕ್ಕ, ಬಾಯಿ ಮೂಲೆ ಎಲ್ಲಾ ಸಿಪ್ಪೆ ಎದ್ದು ಕೆಂಪಾಯ್ತು, ಊಟಕ್ಕೆ ಕೂತ್ರೆ ಸಾರಿನ ಖಾರ ತಾಗಿ ಕಣ್ಣಲ್ಲಿ ನೀರು, ಕಾಲೇಜಿಗೆ ಹೋಗಲ್ಲ ಅಂತ ಹಠ.

ಆಮೇಲೆ ಚರ್ಮದ ಡಾಕ್ಟ್ರ ಹತ್ರ ಹೋದ್ವಿ. ಔಷಧಿ ಒಳ್ಳೇದೇ ಕಣಮ್ಮ, ಹಚ್ಚಿರೋ ರೀತಿ ತಪ್ಪು ಅಂದ್ರು. ಇದು ರೆಟಿನಾಯ್ಡ್, ವಿಟಮಿನ್ ಎ ಜಾತಿಗೆ ಸೇರಿದ್ದು, ಚರ್ಮದ ರಂಧ್ರದಲ್ಲಿ ಸತ್ತ ಜೀವಕೋಶ ಅಂಟ್ಕೊಂಡು ಮುಚ್ಚಿ ಹೋಗೋದನ್ನ ತಡೆಯುತ್ತೆ, ಅಂದ್ರೆ ಎದ್ದಿರೋ ಮೊಡವೆಗಿಂತ ಏಳ್ಬೇಕಾಗಿರೋ ಮೊಡವೆ ಮೇಲೆ ಇದ್ರ ಕೆಲಸ ಜಾಸ್ತಿ. ಅದ್ಕೇ ಒಂದೊಂದು ಮೊಡವೆಗೆ ಚುಕ್ಕಿ ಇಟ್ಟಂಗೆ ಹಚ್ಚಬಾರದಂತೆ, ಮೊಡವೆ ಬರೋ ಜಾಗಕ್ಕೆಲ್ಲಾ ತೆಳ್ಳಗೆ ಹಚ್ಬೇಕು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು! ಡಾಕ್ಟ್ರು ಅವ್ಳ ಬೆರಳ ತುದಿ ಮೇಲೇ ಅಷ್ಟು ಹಿಂಡಿ ತೋರಿಸಿದ್ರು, ನಾವು ಅದ್ರ ನಾಲ್ಕು ಪಟ್ಟು ಹಚ್ತಿದ್ವಿ.

ಚರ್ಮ ಸರಿ ಹೋಗೋವರ್ಗೂ ನಿಲ್ಸಿ, ಆಮೇಲೆ ವಾರಕ್ಕೆ ಎರಡೇ ರಾತ್ರಿಯಿಂದ ಶುರು ಮಾಡಿ ನಿಧಾನಕ್ಕೆ ಜಾಸ್ತಿ ಮಾಡಿ ಅಂದ್ರು. ಮುಖ ತೊಳೆದು ಪೂರ್ತಿ ಒಣಗಿದ್ಮೇಲೆ ಹಚ್ಚೋದು, ಕಣ್ಣು ತುಟಿ ಮೂಗಿನ ಸಂದಿ ಬಿಟ್ಟು, ಮೇಲೆ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್. ನಿಂಬೆ, ಸ್ಕ್ರಬ್, ವ್ಯಾಕ್ಸಿಂಗ್ ಬಂದ್. ಮೊದಲ ಕೆಲವು ವಾರ ಮೊಡವೆ ಹೆಚ್ಚಾದಂಗೆ ಕಾಣಬಹುದು, ಗುಣ ಗೊತ್ತಾಗೋಕೆ 8ರಿಂದ 12 ವಾರ ಬೇಕು, ಇದನ್ನ ಯಾರೂ ಮೊದ್ಲೇ ಹೇಳಲ್ಲ, ಅದ್ಕೇ ಎಷ್ಟೋ ಮಕ್ಕಳು ಹದಿನೈದು ದಿನಕ್ಕೇ ಟ್ಯೂಬ್ ಬಿಸಾಕ್ತಾರೆ. ಇನ್ನೊಂದು, ಬಸುರಿಯರು ಮತ್ತೆ ಮಗು ಬೇಕು ಅಂತ ಇರೋರು ಇದನ್ನ ಹಚ್ಚಬಾರದು. ನನ್ನ ತಮ್ಮನ ಹೆಂಡ್ತಿ ಅದೇ ಟ್ಯೂಬ್ ಕೇಳಿ ತಗೊಂಡಿದ್ಲು, ಅವತ್ತೇ ಫೋನ್ ಮಾಡಿ ನಿಲ್ಸಿದೆ.

ಇದಕ್ಕಿಂತ ಭಯ ಆಗೋದು ಇನ್ನೊಂದು ಥರದ ಕ್ರೀಮ್ ನೋಡಿದ್ರೆ. ಟ್ರೆಟಿನಾಯಿನ್ (ಇದೂ ರೆಟಿನಾಯ್ಡೇ), ಹೈಡ್ರೋಕ್ವಿನೋನ್ (ಕಲೆ ತಿಳಿ ಮಾಡೋ ಔಷಧಿ) ಜೊತೆ ಸ್ಟೀರಾಯ್ಡ್ ಸೇರ್ಸಿರೋದು, ಅದು ಬಂಗಿಗೆ, ಅಂದ್ರೆ ಮುಖದ ಮೇಲೆ ಬರೋ ಕಂದು ಕಲೆಗೆ, ಡಾಕ್ಟ್ರು ಸ್ವಲ್ಪ ದಿನಕ್ಕೆ ಅಂತ ಬರೆಯೋದು. ಅದನ್ನೇ ಮೊಡವೆಗೆ, ಬೆಳ್ಳಗಾಗೋಕೆ ಅಂತ ತಿಂಗಳುಗಟ್ಟಲೆ ಹಚ್ತಾರೆ. ಮೊದ್ಲು ಮುಖ ಹೊಳೆಯುತ್ತೆ, ಆಮೇಲೆ ಚರ್ಮ ತೆಳ್ಳಗಾಗಿ ನಿಲ್ಸಿದ ಕೂಡ್ಲೇ ಉರಿ, ಕೆಂಪು, ಇನ್ನಷ್ಟು ಮೊಡವೆ. 2018ರಲ್ಲೇ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಕ್ರೀಮ್‌ಗಳನ್ನ ಶೆಡ್ಯೂಲ್ ಹೆಚ್ ಅನ್ನೋ ಔಷಧಿ ಪಟ್ಟಿಗೆ ಹಾಕಿ ಚೀಟಿ ಇಲ್ದೆ ಮಾರಬಾರದು ಅಂದಿದೆ, ಆದ್ರೂ ಕೇಳಿದ್ರೆ ಕೊಡೋ ಅಂಗಡಿ ಇನ್ನೂ ಇವೆ.

ಅಮೆರಿಕದಲ್ಲಿ ಅಡಾಪಲೀನ್ 0.1% 2016ರಿಂದ ಚೀಟಿ ಇಲ್ದೇನೇ ಸಿಗುತ್ತೆ, ಆದ್ರೆ ದಿನಕ್ಕೆ ಒಂದೇ ಸಲ ಅಂತ ಪ್ಯಾಕೆಟ್ ಮೇಲೇ ಅವ್ರಿಗೆ ಅರ್ಥ ಆಗೋ ಭಾಷೇಲಿ ಇರುತ್ತೆ. ನಮ್ಗೆ ಸಿಕ್ಕಿದ ಡಬ್ಬದೊಳಗಿನ ಚೀಟಿ ಇರುವೆ ಸಾಲಿನಂಥ ಇಂಗ್ಲಿಷ್, ಪಿಯುಸಿ ಓದೋ ಹುಡುಗೀಗೂ ತಲೆ ಬುಡ ತಿಳೀಲಿಲ್ಲ. ಕಂಪನಿಗಳು ಆ ಚೀಟಿ ಕನ್ನಡದಲ್ಲೂ ಹಾಕ್ಲಿ, ಅಲ್ಲೀವರೆಗೆ ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಯಾರಾದ್ರೂ ಚರ್ಮದ ಡಾಕ್ಟ್ರ ಕೈಲಿ ಇದನ್ನ ಬರೆಸಿ ಅಂತ ಕೇಳ್ಕೋತೀನಿ.

– ಒಬ್ಬ ತಾಯಿ, ದಾವಣಗೆರೆ